ಐದನೇ ಕಲಂ

ಸೋವಿಯತ್ ಒಕ್ಕೂಟದ ಪೇಟೆ ಪಟ್ಟಣಗಳಲ್ಲಿ ಹದಿನಾರು ತುಂಬಿದ ಹುಡುಗ ಹುಡುಗಿಯರೆಲ್ಲ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬೇಕಿತ್ತು. ಹೊರದೇಶಕ್ಕೆ ಹೋಗುವ ಪಾಸ್‌ಪೋರ್ಟ್ ಅಲ್ಲ ಅದು. ತಮ್ಮದೇ ದೇಶದಲ್ಲಿ ಮನೆ, ಕೆಲಸ, ಕಾಲೇಜು ಸಿಗಬೇಕಾದರೆ ತೋರಿಸಬೇಕಾದ ಗುರುತಿನ ಪುಸ್ತಕ. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಇವುಗಳ ಜೊತೆ ಇನ್ನೊಂದು ಸಾಲು ಇತ್ತು: ಜನಾಂಗ. ರಷ್ಯನ್, ಉಕ್ರೇನಿಯನ್, ಅರ್ಮೇನಿಯನ್, ಉಜ್ಬೆಕ್, ತಾತಾರ್, ಯಹೂದಿ, ಹೀಗೆ. ಅಪ್ಪ ಅಮ್ಮ ಇಬ್ಬರೂ ಒಂದೇ ಜನಾಂಗದವರಾಗಿದ್ದರೆ ಮಗುವಿಗೂ ಅದೇ, ಬೇರೆ ಮಾತಿಲ್ಲ. ಬೇರೆ ಬೇರೆ ಜನಾಂಗದವರಾಗಿದ್ದರೆ ಎರಡರಲ್ಲಿ ಒಂದನ್ನು ಆರಿಸಿ ಬರೆಸಬೇಕು. ಎರಡನ್ನೂ ಬರೆಸುವಂತಿಲ್ಲ. 'ಸೋವಿಯತ್' ಎಂದು ಬರೆಸುವುದಂತೂ ಸಾಧ್ಯವೇ ಇರಲಿಲ್ಲ. ಕಚೇರಿಗಳಲ್ಲಿ ತುಂಬಿಕೊಡುವ ಸಿಬ್ಬಂದಿ ನಮೂನೆಯಲ್ಲಿ ಇದೇ ವಿವರ ಐದನೆಯದಾಗಿ ಬರುತ್ತಿದ್ದುದರಿಂದ ಜನ ಅದನ್ನು ಐದನೇ ಕಲಂ ಎಂದು ಕರೆದರು. ಆ ಕಲಮಿನ ದೆಸೆಯಿಂದ ಕೆಲಸವೋ ಸೀಟೋ ಕೈತಪ್ಪಿದ ಯಹೂದಿಗಳು ತಮ್ಮನ್ನು 'ಐದನೇ ದರ್ಜೆಯ ಅಂಗವಿಕಲರು' ಎಂದುಕೊಳ್ಳುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಅಂಗವಿಕಲತೆಗೆ ಇದ್ದದ್ದು ಮೂರೇ ದರ್ಜೆ.

ಈ ಒಂದು ಸಾಲು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಕಾರ್ಮಿಕನಿಗೆ ದೇಶವಿಲ್ಲ ಎಂದು ಸಾರಿದ ಪಕ್ಷ, ಜನಾಂಗಗಳೆಲ್ಲ ಕಾಲಕ್ರಮದಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ ಎಂದು ನಂಬಿದ್ದ ಪಕ್ಷ, ಅಧಿಕಾರಕ್ಕೆ ಬಂದ ಮೇಲೆ ಪ್ರತಿಯೊಬ್ಬ ಪ್ರಜೆಯ ಮೇಲೂ ಜನಾಂಗದ ಮುದ್ರೆ ಒತ್ತಿದ್ದು ಏಕೆ?

ಉತ್ತರ ಶುರುವಾಗುವುದು ತ್ಸಾರ್ ಕಾಲದ ರಷ್ಯಾದಿಂದ. 1897ರ ಜನಗಣತಿಯಲ್ಲಿ ರಷ್ಯನ್ ತಾಯ್ನುಡಿಯವರು ಆ ಸಾಮ್ರಾಜ್ಯದ ಅರ್ಧದಷ್ಟೂ ಇರಲಿಲ್ಲ, ಶೇಕಡಾ 44ರ ಆಸುಪಾಸು. ಉಳಿದವರನ್ನು ಜೊತೆಗೆ ಕರೆದೊಯ್ಯದೆ ಕ್ರಾಂತಿ ನಿಲ್ಲುವುದಿಲ್ಲ ಎನ್ನುವುದು ಲೆನಿನ್‌ಗೆ ಗೊತ್ತಿತ್ತು. ಹಾಗಾಗಿ 1917ರ ನವೆಂಬರ್‌ನಲ್ಲಿ, ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ, ರಷ್ಯಾದ ಜನಾಂಗಗಳ ಹಕ್ಕುಗಳ ಘೋಷಣೆ ಹೊರಬಿತ್ತು. ಎಲ್ಲ ಜನಾಂಗಗಳೂ ಸಮಾನ. ಬೇಕೆನಿಸಿದರೆ ಬೇರೆಯಾಗಿ ಸ್ವತಂತ್ರ ರಾಜ್ಯ ಕಟ್ಟಿಕೊಳ್ಳುವ ಹಕ್ಕೂ ಉಂಟು. ಕೆಳಗೆ ಎರಡು ಸಹಿ, ಲೆನಿನ್ ಮತ್ತು ಸ್ಟಾಲಿನ್. ಆ ಹಕ್ಕಿನ ಬೆಲೆ ಎಷ್ಟೆಂದು 1921ರ ಫೆಬ್ರುವರಿಯಲ್ಲಿ ಜಾರ್ಜಿಯಾಕ್ಕೆ ತಿಳಿಯಿತು. ಸ್ವತಂತ್ರವಾಗಿದ್ದ ಆ ಪುಟ್ಟ ದೇಶದೊಳಕ್ಕೆ ಕೆಂಪು ಸೇನೆ ನುಗ್ಗಿತು.

1922ರಲ್ಲಿ ಒಕ್ಕೂಟದ ರೂಪರೇಷೆ ಸಿದ್ಧವಾಗುವಾಗ ಇದೇ ಜಾರ್ಜಿಯಾದ ವಿಚಾರಕ್ಕೆ ಇಬ್ಬರೂ ನಾಯಕರಿಗೆ ಬಿರುಕು ಬಿತ್ತು. ಉಕ್ರೇನ್, ಜಾರ್ಜಿಯಾ ಮುಂತಾದವು ರಷ್ಯಾದೊಳಗಿನ ಸ್ವಾಯತ್ತ ಪ್ರಾಂತ್ಯಗಳಾಗಿ ಇದ್ದರೆ ಸಾಕು ಎನ್ನುವುದು ಸ್ಟಾಲಿನ್ ಲೆಕ್ಕ. ಸ್ವತಃ ಜಾರ್ಜಿಯಾದವರು ಅವರು. ರಷ್ಯಾದ ಪಕ್ಕದಲ್ಲಿ ಸರಿಸಮನಾಗಿ ಕೂರಬೇಕು ಎನ್ನುವುದು ಲೆನಿನ್ ಹಟ. ಸ್ಟಾಲಿನ್ ಕಡೆಯ ಓರ್ಜೊನಿಕಿದ್ಜೆ ತಕರಾರೆತ್ತಿದ ಜಾರ್ಜಿಯನ್ ಕಮ್ಯುನಿಸ್ಟನೊಬ್ಬನ ಕೆನ್ನೆಗೆ ಬಾರಿಸಿದ ಸುದ್ದಿ ಹಾಸಿಗೆ ಹಿಡಿದಿದ್ದ ಲೆನಿನ್ ಕಿವಿಗೆ ಬಿತ್ತು. ಒಕ್ಕೂಟ ಅಧಿಕೃತವಾಗಿ ಹುಟ್ಟಿದ ಡಿಸೆಂಬರ್ 30ರಂದೇ ಅವರು ಒಂದು ಟಿಪ್ಪಣಿ ಬರೆಸಲು ತೊಡಗಿದರು. ದೊಡ್ಡ ಜನಾಂಗ ಸಣ್ಣ ಜನಾಂಗಕ್ಕೆ ಕಾಗದದ ಸಮಾನತೆ ಕೊಟ್ಟರೆ ಸಾಲದು, ಹಿಂದೆ ಮಾಡಿದ ಅನ್ಯಾಯ ತುಂಬಿಬರುವಷ್ಟು ತಾನೇ ತಗ್ಗಿ ನಡೆಯಬೇಕು ಎನ್ನುವುದು ಅದರ ತಿರುಳು. ಬಹುಸಂಖ್ಯಾತರ ನಾಯಕನೊಬ್ಬ ಇಷ್ಟು ಬಿಚ್ಚಿ ಹೇಳಿದ ಉದಾಹರಣೆ ನನಗೆ ಹೆಚ್ಚು ಗೊತ್ತಿಲ್ಲ. ಆ ಟಿಪ್ಪಣಿ ಸೋವಿಯತ್ ಓದುಗರ ಕೈಗೆ ಬಂದದ್ದು 1956ರಲ್ಲಿ. ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು.

ಆದರೂ 1923ರಿಂದ ಸುಮಾರು ಹತ್ತು ವರ್ಷ ನಡೆದ ಕೆಲಸವನ್ನು ಓದುವಾಗ ನನ್ನ ಎದೆ ತುಂಬುತ್ತದೆ. ಆ ವರ್ಷದ ಏಪ್ರಿಲ್‌ನ ಪಕ್ಷದ ಮಹಾಧಿವೇಶನ ರಷ್ಯನ್ ದೊಡ್ಡಸ್ತಿಕೆಯೇ ಮುಖ್ಯ ಅಪಾಯ ಎಂದು ಗೊತ್ತುವಳಿ ಮಾಡಿತು. ಆಯಾ ನೆಲದ ಆಡಳಿತ ಆಯಾ ನೆಲದವರ ಕೈಗೆ, ಆಯಾ ನುಡಿಯಲ್ಲಿ ಎನ್ನುವುದು ನೀತಿಯಾಯಿತು. ಬರಹವೇ ಇಲ್ಲದ ನುಡಿಗಳಿಗೆ ಲಿಪಿ, ವ್ಯಾಕರಣ, ಬಾಲಬೋಧೆ ಸಿದ್ಧವಾದವು. ಕಾಕಸಸ್‌ನ ಬೆಟ್ಟದ ಹಳ್ಳಿಗಳಿಂದ ಸೈಬೀರಿಯಾದ ಹಿಮಸಾರಂಗ ಸಾಕುವವರ ತನಕ ಮಕ್ಕಳು ಮೊದಲ ಬಾರಿಗೆ ತಾಯ್ನುಡಿಯಲ್ಲಿ ಅಕ್ಷರ ಕಲಿತರು. ಉಕ್ರೇನಿನಲ್ಲಿ ಯಹೂದಿ, ಪೋಲಿಷ್, ಜರ್ಮನ್ ಹಳ್ಳಿಗಳಿಗೆ ತಂತಮ್ಮ ನುಡಿಯಲ್ಲೇ ವ್ಯವಹರಿಸುವ, ನಮ್ಮ ಪಂಚಾಯಿತಿಗಳಂಥ ಗ್ರಾಮ ಸೋವಿಯತ್‌ಗಳಿದ್ದವು. ವ್ಲಾಡಿವೊಸ್ಟಾಕ್‌ನಲ್ಲಿ ಕೊರಿಯನ್ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜೇ ಇತ್ತು. ಅದೇ ಹೊತ್ತಿನಲ್ಲಿ ಬ್ರಿಟಿಷರ ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಏಕೀಕರಣದ ಕನಸು ಕಾಣುತ್ತಿದ್ದರು. ಮುಂದೆ ಭಾರತದ ಕಮ್ಯುನಿಸ್ಟರು ಭಾಷಾವಾರು ಪ್ರಾಂತ್ಯಗಳ ಪರವಾಗಿ ಗಟ್ಟಿಯಾಗಿ ನಿಂತದ್ದರ ಹಿಂದೆ ಈ ಸೋವಿಯತ್ ಮಾದರಿಯ ಪ್ರಭಾವ ಇದ್ದೇ ಇತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಪಠ್ಯಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಸೋವಿಯತ್ ಪತ್ರಿಕೆಗಳ ಹೊಳಪು ಹಾಳೆಗಳಲ್ಲಿ ಉಜ್ಬೆಕ್ ಟೋಪಿ ತೊಟ್ಟು ನಗುತ್ತಿದ್ದ ಹುಡುಗಿಯರು ಸುಳ್ಳಲ್ಲ. ಆ ಚಿತ್ರದ ಹೊರಗೆ ಉಳಿದವರು ಯಾರೆನ್ನುವುದು ಹಾಳೆಯಲ್ಲಿ ಇರುತ್ತಿರಲಿಲ್ಲ.

ಏಕೆಂದರೆ ಶಾಲೆ ತೆರೆಯಬೇಕಾದರೂ ಗಡಿ ಎಳೆಯಬೇಕಾದರೂ ಮೊದಲು ಯಾರು ಯಾರೆಂದು ತೀರ್ಮಾನವಾಗಬೇಕು, ಆ ತೀರ್ಮಾನ ಆಗುತ್ತಿದ್ದದ್ದು ಕಚೇರಿಯಲ್ಲಿ. ಮಧ್ಯ ಏಷ್ಯಾದ ಪಟ್ಟಣಗಳಲ್ಲಿ ಸಾರ್ತ್ ಎಂದು ಗುರುತಿಸಿಕೊಂಡಿದ್ದ ಜನರಿದ್ದರು. 1924ರಲ್ಲಿ ಆ ಪ್ರದೇಶವನ್ನು ಜನಾಂಗವಾರು ಗಣರಾಜ್ಯಗಳಾಗಿ ವಿಂಗಡಿಸಿದಾಗ ಪಟ್ಟಿಯಿಂದ ಸಾರ್ತ್ ಹೆಸರು ಹೋಯಿತು, ಹೆಚ್ಚಿನವರು ಉಜ್ಬೆಕರಾದರು. ತಾಜಿಕ್ ನುಡಿಯ ಸಮರ್ಕಂದ್, ಬುಖಾರಾ ಪಟ್ಟಣಗಳು ಉಜ್ಬೆಕಿಸ್ತಾನದ ಪಾಲಿಗೆ ಬಿದ್ದವು. ಮನೆಯಲ್ಲಿ ಎರಡು ನುಡಿ ಆಡುತ್ತಾ, ಕೇಳಿದರೆ ಊರಿನ ಹೆಸರನ್ನೋ ಧರ್ಮವನ್ನೋ ಹೇಳುತ್ತಿದ್ದವರು ಇನ್ನು ಮೇಲೆ ಒಂದು ಜನಾಂಗಕ್ಕೆ ಮಾತ್ರ ಸೇರಬೇಕಿತ್ತು. 1926ರ ಜನಗಣತಿ ನೂರ ಎಪ್ಪತ್ತಕ್ಕೂ ಹೆಚ್ಚು ಜನಾಂಗಗಳನ್ನು ಎಣಿಸಿತು. 1939ರ ಹೊತ್ತಿಗೆ ಅವು ನೂರರ ಆಸುಪಾಸಿಗೆ ಇಳಿದವು. ಆ ಹದಿಮೂರು ವರ್ಷಗಳಲ್ಲಿ ಎಪ್ಪತ್ತು ಜನಾಂಗಗಳು ಸತ್ತುಹೋಗಲಿಲ್ಲ. ಪಟ್ಟಿಯನ್ನು ತಿದ್ದಲಾಯಿತು.

ಲಿಪಿಯ ಕಥೆಯೂ ಹಾಗೆಯೇ. ಅಜರ್‌ಬೈಜಾನಿನಲ್ಲಿ ಅರಬ್ಬಿ ಅಕ್ಷರ ಹೋಗಿ 1920ರ ದಶಕದಲ್ಲಿ ಲ್ಯಾಟಿನ್ ಬಂತು. 1939–40ರಲ್ಲಿ ಲ್ಯಾಟಿನ್ ಹೋಗಿ ರಷ್ಯನ್ ಮಾದರಿಯ ಸಿರಿಲಿಕ್ ಬಂತು. ಒಕ್ಕೂಟ ಒಡೆದ ಮೇಲೆ ಮತ್ತೆ ಲ್ಯಾಟಿನ್. ಅಜ್ಜಿ ಬರೆದಿಟ್ಟ ಕಾಗದವನ್ನು ಮೊಮ್ಮಗಳು ಓದಲಾರಳು, ಆಕೆಯ ಶಾಲೆಯ ಪುಸ್ತಕ ಆಕೆಯ ಮಗನಿಗೆ ಕಷ್ಟ. ಮೊದಲ ಬದಲಾವಣೆಗೆ ಅಕ್ಷರಸ್ಥರನ್ನು ಹೆಚ್ಚಿಸುವ ಸದುದ್ದೇಶವೂ ಇತ್ತು, ಅದನ್ನು ಒಪ್ಪುತ್ತೇನೆ. ಎರಡನೆಯದನ್ನು ಯಾವ ಜನವೂ ಕೇಳಿರಲಿಲ್ಲ. ಕಾಲ ಬದಲಾಗಿತ್ತು. 1938ರ ಮಾರ್ಚ್‌ನಲ್ಲಿ ಎಲ್ಲ ಶಾಲೆಗಳಲ್ಲೂ ರಷ್ಯನ್ ಕಡ್ಡಾಯವಾಯಿತು, ಇಪ್ಪತ್ತರ ದಶಕದಲ್ಲಿ ಮೇಲೆ ಬಂದಿದ್ದ ಸ್ಥಳೀಯ ನಾಯಕರು, ಲೇಖಕರು, ಭಾಷಾವಿದ್ವಾಂಸರಲ್ಲಿ ಬಹುಪಾಲು ಜನ 'ಬೂರ್ಜ್ವಾ ರಾಷ್ಟ್ರೀಯವಾದಿ' ಎಂಬ ಹಣೆಪಟ್ಟಿ ಹೊತ್ತು ಗುಂಡಿಗೋ ಸೆರೆಶಿಬಿರಕ್ಕೋ ಬಲಿಯಾದರು.

ಪಾಸ್‌ಪೋರ್ಟ್ ಬಂದದ್ದು ಇದರ ನಡುವೆ, 1932ರ ಡಿಸೆಂಬರ್‌ನಲ್ಲಿ. ಶುರುವಿನಲ್ಲಿ ಜನಾಂಗದ ಸಾಲಿನಲ್ಲಿ ಅವರವರು ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದರು. 1938ರಲ್ಲಿ ಒಳಾಡಳಿತ ಇಲಾಖೆ ಆ ದಾರಿ ಮುಚ್ಚಿತು. ಇನ್ನು ನೀನು ಏನೆಂದುಕೊಂಡಿದ್ದೀಯ ಎಂಬುದು ಲೆಕ್ಕಕ್ಕಿಲ್ಲ, ನಿನ್ನ ಅಪ್ಪ ಅಮ್ಮ ಏನು ಎಂಬುದೇ ಲೆಕ್ಕ. ವರ್ಗವೇ ಎಲ್ಲ ಎಂದು ಹೇಳುತ್ತಿದ್ದ ರಾಜ್ಯ ರಕ್ತದ ದಾಖಲೆ ಇಡತೊಡಗಿತು.

ಅದಕ್ಕೂ ಮೊದಲೇ, 1937ರ ಶರತ್ಕಾಲದಲ್ಲಿ, ಪೂರ್ವದಂಚಿನ ಕೊರಿಯನ್ನರನ್ನು ಜಪಾನಿನ ಗೂಢಚಾರರು ನುಸುಳಬಹುದೆಂಬ ಕಾರಣ ಕೊಟ್ಟು ಎಬ್ಬಿಸಿ ಕಜಕಸ್ತಾನ, ಉಜ್ಬೆಕಿಸ್ತಾನಗಳಿಗೆ ಸಾಗಿಸಲಾಯಿತು. ಸುಮಾರು 1,72,000 ಜನ. ಗುಮಾನಿಯ ಕೆಲವರನ್ನಲ್ಲ, ಇಡೀ ಜನಾಂಗವನ್ನು. ಅವರ ಮೇಷ್ಟ್ರುಗಳ ಕಾಲೇಜೂ ಅವರೊಂದಿಗೆ ಕಜಕಸ್ತಾನದ ಕಿಜಿಲ್‌ಓರ್ದಾಕ್ಕೆ ಹೋಯಿತು, ಸ್ವಲ್ಪ ದಿನದಲ್ಲೇ ಅಲ್ಲಿನ ಪಾಠ ರಷ್ಯನ್ನಿಗೆ ತಿರುಗಿತು. 1941ರ ಆಗಸ್ಟ್‌ನಲ್ಲಿ ವೋಲ್ಗಾ ಜರ್ಮನ್ನರು. ಅವರ ಸ್ವಾಯತ್ತ ಗಣರಾಜ್ಯವೇ ನಕ್ಷೆಯಿಂದ ಹೋಯಿತು. 1943ರ ಕೊನೆಯಲ್ಲಿ ಕರಾಚಾಯರು, ಕಲ್ಮಿಕರು. 1944ರ ಫೆಬ್ರುವರಿ 23ರಂದು, ಕೆಂಪು ಸೇನೆಯ ದಿನಾಚರಣೆಯಂದೇ, ಚೆಚೆನ್ ಮತ್ತು ಇಂಗುಷ್ ಜನ, ಹತ್ತಿರಹತ್ತಿರ ಐದು ಲಕ್ಷ. ಶಾಲೆ ತೆರೆಯಲು, ಗಡಿ ಎಳೆಯಲು ಮಾಡಿದ್ದ ಎಣಿಕೆ ಈಗ ಗೂಡ್ಸ್ ಗಾಡಿಗಳನ್ನು ತುಂಬಲು ನೆರವಾಯಿತು. ಕಚೇರಿ ಕೊಟ್ಟ ಗುರುತಿನ ಮೇಲೆ ಬದುಕು ಕಟ್ಟಿಕೊಂಡವರ ಸ್ಥಿತಿ ಇನ್ನೊಬ್ಬರ ಹೆಸರಿನ ಪಹಣಿ ಇರುವ ಜಾಗದಲ್ಲಿ ಮನೆ ಕಟ್ಟಿದವರ ಸ್ಥಿತಿಯಂತಾಯಿತು.

ಈ ಎಲ್ಲ ಕಥೆಗಳಲ್ಲಿ ಕಪ್ಪು ಸಮುದ್ರದ ಪರ್ಯಾಯದ್ವೀಪವಾದ ಕ್ರಿಮಿಯಾದ ತಾತಾರರ ಕಥೆಯ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಅವರಿಂದ ಮನೆಯನ್ನಷ್ಟೇ ಅಲ್ಲ, ಹೆಸರನ್ನೂ ಕಿತ್ತುಕೊಳ್ಳಲಾಯಿತು.

1921ರಲ್ಲಿ ಕ್ರಿಮಿಯಾ ಸ್ವಾಯತ್ತ ಗಣರಾಜ್ಯವಾದಾಗ ತಾತಾರ್ ನುಡಿಗೂ ಅಲ್ಲಿ ಅಧಿಕೃತ ಸ್ಥಾನವಿತ್ತು, ಶಾಲೆ, ಪತ್ರಿಕೆ, ರಂಗಭೂಮಿ ಎಲ್ಲವೂ ಬೆಳೆದವು. ಯುದ್ಧದಲ್ಲಿ ಜರ್ಮನ್ನರು ಕ್ರಿಮಿಯಾವನ್ನು ಹಿಡಿದರು. ತಾತಾರರಲ್ಲಿ ಕೆಲವರು ಜರ್ಮನ್ ಪಡೆಗಳಲ್ಲಿ ಸೇರಿದ್ದು ನಿಜ. ಸಾವಿರಾರು ಜನ ಕೆಂಪು ಸೇನೆಯಲ್ಲಿ ಹೋರಾಡುತ್ತಿದ್ದದ್ದೂ ಅಷ್ಟೇ ನಿಜ. ಸೋವಿಯತ್ ಸೇನೆ ಕ್ರಿಮಿಯಾವನ್ನು ಮರಳಿ ಗೆದ್ದ ಕೆಲವೇ ದಿನಗಳಲ್ಲಿ, 1944ರ ಮೇ 18ರ ನಸುಕಿನಲ್ಲಿ, ಸೈನಿಕರು ಬಾಗಿಲು ಬಡಿದರು. ಇಡೀ ಜನಾಂಗ ದೇಶದ್ರೋಹಿ ಎಂದು ತೀರ್ಮಾನವಾಗಿತ್ತು. ಮೂರು ದಿನಗಳಲ್ಲಿ 1,80,000ಕ್ಕೂ ಹೆಚ್ಚು ಜನರನ್ನು ಮುಖ್ಯವಾಗಿ ಉಜ್ಬೆಕಿಸ್ತಾನಕ್ಕೆ ಸಾಗಿಸಿದರು. ಗಂಡಸರಲ್ಲಿ ಎಷ್ಟೋ ಮಂದಿ ಇನ್ನೂ ರಣರಂಗದಲ್ಲಿದ್ದರು, ಹೋದವರು ಹೆಂಗಸರು, ಮುದುಕರು, ಮಕ್ಕಳು. ಮೊದಲ ವರ್ಷಗಳಲ್ಲೇ ಹಸಿವೆಗೂ ಕಾಯಿಲೆಗೂ ಹತ್ತಾರು ಸಾವಿರ ಜನ ಸತ್ತರು. ಯುದ್ಧ ಮುಗಿಸಿ ಪದಕ ತೊಟ್ಟು ಬಂದ ಯೋಧರನ್ನೂ ಅಲ್ಲಿಗೇ ಕಳಿಸಲಾಯಿತು. 1948ರ ಆದೇಶವೊಂದು ಈ ಗಡೀಪಾರು ಶಾಶ್ವತ ಎಂದು ಸಾರಿತು. ಗೊತ್ತುಮಾಡಿದ ಜಾಗ ಬಿಟ್ಟು ಓಡಿದರೆ ಇಪ್ಪತ್ತು ವರ್ಷ ಕಠಿಣ ಶಿಕ್ಷೆ.

ಅಮೆತ್-ಖಾನ್ ಸುಲ್ತಾನ್ ಅವರನ್ನು ಇಲ್ಲಿ ನೆನೆಯಬೇಕು. 1920ರಲ್ಲಿ ಕ್ರಿಮಿಯಾದ ಕಡಲತಡಿಯ ಅಲುಪ್ಕಾದಲ್ಲಿ ಹುಟ್ಟಿದವರು. ಅಮ್ಮ ಕ್ರಿಮಿಯಾದ ತಾತಾರ್, ಅಪ್ಪ ದಾಗೆಸ್ತಾನದ ಲಾಕ್ ಜನಾಂಗದವರು. ಯುದ್ಧವಿಮಾನದ ಪೈಲಟ್ ಆಗಿ ಅವರು 1943ರಲ್ಲಿ ಒಮ್ಮೆ, 1945ರಲ್ಲಿ ಇನ್ನೊಮ್ಮೆ 'ಸೋವಿಯತ್ ಒಕ್ಕೂಟದ ವೀರ' ಬಿರುದು ಪಡೆದರು. ಆ ಎರಡು ಬಿರುದುಗಳ ನಡುವಿನ ವರ್ಷದಲ್ಲಿ ಅವರ ತಾಯಿಯ ಜನರನ್ನು ಗಾಡಿ ಹತ್ತಿಸಲಾಗಿತ್ತು. ಎರಡು ಸಲ ವೀರನಾದವನ ಹುಟ್ಟೂರಲ್ಲಿ ಕಂಚಿನ ಪ್ರತಿಮೆ ನಿಲ್ಲಿಸುವುದು ಆ ದೇಶದ ಪದ್ಧತಿ. ಆ ಊರಿನಲ್ಲೋ ಅವರ ತಾಯಿಯ ನುಡಿ ಆಡುವವರು ಹೆಚ್ಚುಕಡಿಮೆ ಉಳಿದೇ ಇರಲಿಲ್ಲ. ಯುದ್ಧದ ನಂತರ ಅವರು ಹೊಸ ವಿಮಾನಗಳನ್ನು ಪರೀಕ್ಷಿಸುವ ಪೈಲಟ್ ಆದರು, 1971ರಲ್ಲಿ ಅಂಥದ್ದೇ ಒಂದು ಹಾರಾಟದಲ್ಲಿ ತೀರಿಕೊಂಡರು. ದಾಗೆಸ್ತಾನದ ಮಖಚ್‌ಕಲಾ ವಿಮಾನ ನಿಲ್ದಾಣಕ್ಕೆ ಇಂದು ಅವರದೇ ಹೆಸರು. ಅವರನ್ನು ದಾಗೆಸ್ತಾನದ ಮಗ ಎನ್ನುವುದು ಸರಿಯೇ. ಅಮ್ಮನ ಕಡೆಯನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಬಹುಕಾಲ ಯಾರಿಗೂ ಬೇಡವಾಗಿತ್ತು.

ಸ್ಟಾಲಿನ್ ಸತ್ತ ಮೇಲೆ, 1957ರಲ್ಲಿ, ಚೆಚೆನ್, ಇಂಗುಷ್, ಕಲ್ಮಿಕ್ ಮುಂತಾದವರಿಗೆ ಊರಿಗೆ ಮರಳಲು ಅವಕಾಶವಾಯಿತು, ಸ್ವಾಯತ್ತ ಆಡಳಿತವೂ ಮರಳಿತು. ಕ್ರಿಮಿಯಾ ತಾತಾರರಿಗೆ ಆ ಭಾಗ್ಯವಿರಲಿಲ್ಲ, ವೋಲ್ಗಾ ಜರ್ಮನ್ನರಿಗೂ ಇರಲಿಲ್ಲ. ಕ್ರಿಮಿಯಾದ ನೂರಾರು ಹಳ್ಳಿಗಳಿಗೆ ಅಷ್ಟರಲ್ಲಿ ರಷ್ಯನ್ ಹೆಸರು ಇಟ್ಟಾಗಿತ್ತು. 1967ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಆದೇಶ ಇಡೀ ಜನಾಂಗದ ಮೇಲಿದ್ದ ದ್ರೋಹದ ಆರೋಪವನ್ನು ತೆಗೆದುಹಾಕಿತು. ಆದರೆ ಆ ಆದೇಶ ಅವರನ್ನು ಕರೆದದ್ದು 'ಹಿಂದೆ ಕ್ರಿಮಿಯಾದಲ್ಲಿ ವಾಸವಾಗಿದ್ದ ತಾತಾರ್ ಜನಾಂಗದ ಪ್ರಜೆಗಳು' ಎಂದು. ಅವರು ಈಗ ಉಜ್ಬೆಕಿಸ್ತಾನದಲ್ಲಿ ಬೇರೂರಿದ್ದಾರೆ ಎಂದೂ ಅದು ಸೇರಿಸಿತು. 1959, 1970, 1979ರ ಮೂರೂ ಜನಗಣತಿಗಳಲ್ಲಿ ಅವರಿಗೆ ಪ್ರತ್ಯೇಕ ಸಾಲಿಲ್ಲ. ಬೇರೆಯೇ ಜನಾಂಗವಾದ ವೋಲ್ಗಾ ತೀರದ ತಾತಾರರ ಜೊತೆಗೇ ಎಣಿಸಲಾಯಿತು. ಇವರ ಬೇಡಿಕೆಗೆ ತಳವೇ ಇರಬಾರದೆಂದರೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಇಲ್ಲದ ಜನ ಊರು ಕೇಳುವುದು ಹೇಗೆ?

ಅವರು ಕೇಳುತ್ತಲೇ ಹೋದರು, ಬಂದೂಕು ಹಿಡಿಯದೆ. ಮನೆ ಮನೆ ಸುತ್ತಿ ಸಹಿ ಸಂಗ್ರಹಿಸಿದರು, ಮಾಸ್ಕೋಗೆ ಪ್ರತಿನಿಧಿಗಳನ್ನು ಚಂದಾ ಎತ್ತಿ ಕಳಿಸಿದರು, ಎಷ್ಟು ಜನ ಸತ್ತರೆಂದು ತಾವೇ ತಮ್ಮ ಗಣತಿ ಮಾಡಿಕೊಂಡರು. ಸರ್ಕಾರ ಎಣಿಸಲು ಒಪ್ಪದ ಜನ ತಮ್ಮನ್ನು ತಾವೇ ಎಣಿಸಿಕೊಂಡದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಈ ಹೋರಾಟದ ಮುಂದಾಳು ಮುಸ್ತಫಾ ಜೆಮಿಲೆವ್ ಆರು ತಿಂಗಳ ಕೂಸಾಗಿದ್ದಾಗ ಗಡೀಪಾರಾದವರು. ಸೆರೆಮನೆಯಲ್ಲಿ 303 ದಿನ ಉಪವಾಸ ಮಾಡಿದರು, ಅಧಿಕಾರಿಗಳು ಬಲವಂತವಾಗಿ ಆಹಾರ ಇಳಿಸಿ ಜೀವ ಉಳಿಸಿದರು. ತಾತಾರರ ಪರವಾಗಿ ನಿಂತ ಸೋವಿಯತ್ ಸೇನೆಯ ಜನರಲ್ ಪೆಟ್ರೊ ಗ್ರಿಗೊರೆಂಕೊ ಉಕ್ರೇನಿನವರು. ಬೇಡಬೇಡಿ, ನಿಮ್ಮದನ್ನು ಹಕ್ಕಿನಿಂದ ಕೇಳಿ ಎಂದು 1968ರಲ್ಲಿ ತಾತಾರರಿಗೆ ಹೇಳಿದ ಅವರನ್ನು ಮರುವರ್ಷ ಹಿಡಿದು ಮನೋರೋಗಿಗಳ ಆಸ್ಪತ್ರೆಗೆ ಹಾಕಲಾಯಿತು. ತಾಯ್ನೆಲಕ್ಕೆ ಮರಳಿದ ಮೂಸಾ ಮಾಮುತ್‌ಗೆ ಅಲ್ಲಿ ವಾಸಿಸುವ ಪರವಾನಗಿ ಸಿಗಲಿಲ್ಲ. 1978ರಲ್ಲಿ ಬಂಧಿಸಲು ಪೊಲೀಸರು ಬಂದಾಗ ಮೈಗೆ ಬೆಂಕಿ ಹಚ್ಚಿಕೊಂಡರು. 1987ರ ಬೇಸಿಗೆಯಲ್ಲಿ ಕೆಂಪು ಚೌಕದಲ್ಲೇ ತಾತಾರರು ಧರಣಿ ಕೂತ ಮೇಲೆ ಬಾಗಿಲು ಸಡಿಲವಾಯಿತು. 1989ರ ಜನಗಣತಿಯಲ್ಲಿ ಆ ಹೆಸರು ಮರಳಿ ಬಂತು: ಸುಮಾರು 2,70,000 ಜನ.

ಯಹೂದಿಗಳದು ಬೇರೆಯೇ ಸಂಕಟ. ತಾತಾರರಿಗೆ ಪಟ್ಟಿಯಲ್ಲಿ ಹೆಸರಿಲ್ಲದ ಬೇಗೆಯಾದರೆ ಇವರಿಗೆ ಇದ್ದದ್ದರ ಬೇಗೆ. ಅವರಿಗಾಗಿ 1934ರಲ್ಲಿ ಚೀನಾ ಗಡಿಯ ಬಿರೋಬಿಜಾನ್‌ನಲ್ಲಿ ಒಂದು ಸ್ವಾಯತ್ತ ಪ್ರಾಂತ್ಯ ಕಟ್ಟಿದ್ದುಂಟು, ಬಹುತೇಕ ಯಹೂದಿಗಳು ಅದನ್ನು ಕಣ್ಣಿಂದಲೂ ನೋಡಲಿಲ್ಲ. ತಮ್ಮ ಹಿರಿಯರ ಯಿದ್ದಿಶ್ ನುಡಿಯನ್ನು ಮರೆತು ರಷ್ಯನ್ನಿನಲ್ಲೇ ಓದಿ, ಬರೆದು, ಪ್ರೀತಿಸಿ ಬದುಕಿದ ಮಾಸ್ಕೋದ ಕುಟುಂಬಗಳಿಗೂ ಆ ಸಾಲು ಬಿಡಲಿಲ್ಲ. 1952ರ ಆಗಸ್ಟ್ 12ರಂದು ಯುದ್ಧಕಾಲದಲ್ಲಿ ಸರ್ಕಾರವೇ ಕಟ್ಟಿದ್ದ, ಯಹೂದಿಗಳ ಫ್ಯಾಸಿಸ್ಟ್-ವಿರೋಧಿ ಸಮಿತಿಯ ಹದಿಮೂರು ಮಂದಿಯನ್ನು ಕೊಂದರು, ಅವರಲ್ಲಿ ಯಿದ್ದಿಶ್‌ನ ದೊಡ್ಡ ಕವಿಗಳಿದ್ದರು. ಎಪ್ಪತ್ತರ ದಶಕದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಗಣಿತ ವಿಭಾಗದ ಪ್ರವೇಶ ಪರೀಕ್ಷೆಯಲ್ಲಿ ಯಹೂದಿ ಹುಡುಗರಿಗೆಂದೇ ಮೀಸಲಾದ, ಬಿಡಿಸಲಾಗದಷ್ಟು ಜಟಿಲ ಲೆಕ್ಕಗಳಿದ್ದವು.

ಹಾಗಾದರೆ ಎಲ್ಲರೂ ಒಂದೇ ಹೆಸರು ಬರೆಸಲು ಬಿಟ್ಟಿದ್ದರೆ ಆಗುತ್ತಿತ್ತೇ? ಯುಗೊಸ್ಲಾವಿಯಾದ ಕಮ್ಯುನಿಸ್ಟರು ಅದಕ್ಕೂ ಅವಕಾಶ ಕೊಟ್ಟಿದ್ದರು. ಅಲ್ಲಿನ ಜನಗಣತಿಯಲ್ಲಿ ಸರ್ಬ್, ಕ್ರೊಯೆಟ್ ಎನ್ನುವ ಬದಲು 'ಯುಗೊಸ್ಲಾವ್' ಎಂದು ಬರೆಸಬಹುದಿತ್ತು. 1981ರಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಬರೆಸಿದರು, ಅವರಲ್ಲಿ ಮಿಶ್ರ ವಿವಾಹಗಳ ಮಕ್ಕಳು ಬಹಳ. ಹತ್ತು ವರ್ಷದಲ್ಲಿ ಅವರ ದೇಶವೇ ಇಲ್ಲವಾಯಿತು. ಅದು ಒಡೆದು ಹುಟ್ಟಿದ ಬೋಸ್ನಿಯಾದಲ್ಲಿ ಯುದ್ಧ ಮುಗಿಸಿದ 1995ರ ಶಾಂತಿ ಒಪ್ಪಂದದ ಪ್ರಕಾರ ಅಲ್ಲಿನ ಅಧ್ಯಕ್ಷ ಮಂಡಳಿಯಲ್ಲಿ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಮರು), ಕ್ರೊಯೆಟ್, ಸರ್ಬ್ ಮೂವರಿಗಷ್ಟೇ ಜಾಗ. ರೋಮಾ ಸಮುದಾಯದ ದೆರ್ವೊ ಸೆಜ್ದಿಚ್, ಯಹೂದಿಯಾದ ಯಾಕೋಬ್ ಫಿಂಚಿ ಇದು ಅನ್ಯಾಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 2009ರಲ್ಲಿ ಗೆದ್ದರು. ತೀರ್ಪಿನ ನಂತರವೂ ವರ್ಷಗಟ್ಟಲೆ ಆ ನಿಯಮ ಹಾಗೆಯೇ ಉಳಿಯಿತು.

ಸೋವಿಯತ್ ಒಕ್ಕೂಟ ಒಡೆದಾಗ ಯಾರಿಗೆ ದೇಶ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎನ್ನುವುದನ್ನು ನಿರ್ಧರಿಸಿದ್ದೂ ಹಳೆಯ ಕಚೇರಿಯ ದರ್ಜೆಯೇ. ಹದಿನೈದು ಒಕ್ಕೂಟ ಗಣರಾಜ್ಯಗಳಿಗೆ ಬೇರೆಯಾಗುವ ಹಕ್ಕು ಸಂವಿಧಾನದಲ್ಲಿತ್ತು, ಅವುಗಳೊಳಗಿನ ಸ್ವಾಯತ್ತ ಗಣರಾಜ್ಯಗಳಿಗೆ ಇರಲಿಲ್ಲ. 1936ರಲ್ಲಿ ಸ್ಟಾಲಿನ್ ಇದಕ್ಕೆ ಕಾರಣ ವಿವರಿಸಿದ್ದರು: ಗಡಿಯಂಚಿನಲ್ಲಿ ಇದ್ದರೆ ತಾನೇ ಬೇರೆಯಾಗಲು ಸಾಧ್ಯ, ಸುತ್ತ ರಷ್ಯಾವೇ ಇರುವ, ವೋಲ್ಗಾ ತಾತಾರರ ತಾತಾರಿಯಾ ಮತ್ತು ಬಷ್ಕೀರಿಯಾಗಳಿಗೆ ಆ ದರ್ಜೆ ಏಕೆ? 1989ರಲ್ಲಿ ಒಕ್ಕೂಟದಲ್ಲಿದ್ದ ತಾತಾರರು 66 ಲಕ್ಷ, ಎಸ್ಟೋನಿಯನ್ನರು ಹತ್ತು ಲಕ್ಷ. ಇಂದು ಎಸ್ಟೋನಿಯಾ ಒಂದು ದೇಶ. ತಾತಾರಿಯಾ ತಾತಾರ್‌ಸ್ತಾನ ಎಂಬ ಹೆಸರಿನಲ್ಲಿ ರಷ್ಯಾದ ಒಂದು ಪ್ರಾಂತ್ಯ. ದರ್ಜೆ ಬದಲಿಸಬೇಕೆಂದು ಪಟ್ಟು ಹಿಡಿದ ಕಡೆ ರಕ್ತ ಹರಿಯಿತು. ಅಜರ್‌ಬೈಜಾನಿನೊಳಗೆ 1923ರಲ್ಲಿ ಸ್ವಾಯತ್ತ ಪ್ರಾಂತ್ಯವಾಗಿಸಿದ್ದ, ಅರ್ಮೇನಿಯನ್ನರೇ ಹೆಚ್ಚಿದ್ದ ನಗೋರ್ನೊ-ಕರಾಬಾಖ್ ತನ್ನನ್ನು ಅರ್ಮೇನಿಯಾಕ್ಕೆ ಸೇರಿಸಿ ಎಂದು 1988ರ ಫೆಬ್ರುವರಿಯಲ್ಲಿ ಕೇಳಿತು. ಅದೇ ತಿಂಗಳ ಕೊನೆಗೆ ಅಜರ್‌ಬೈಜಾನಿನ ಸುಮ್‌ಗಾಯಿತ್ ಪಟ್ಟಣದಲ್ಲಿ ಅರ್ಮೇನಿಯನ್ನರ ಕೊಲೆಗಳಾದವು.

ಹೊಸ ರಷ್ಯಾ 1997ರಲ್ಲಿ ಪಾಸ್‌ಪೋರ್ಟಿನಿಂದ ಜನಾಂಗದ ಸಾಲನ್ನು ತೆಗೆದುಹಾಕಿತು. ಮಾಸ್ಕೋದ ಯಹೂದಿಗಳ ಪಾಲಿಗೆ ಒಂದು ಹಳೆಯ ಪೀಡೆ ಕಳೆಯಿತು. ತಾತಾರ್‌ಸ್ತಾನದ ರಾಜಧಾನಿ ಕಜಾನಿನಲ್ಲಿ ಮಾತ್ರ ಜನ ಸಿಟ್ಟಿಗೆದ್ದರು. ತಾತಾರ್‌ಸ್ತಾನ ಹೊಸ ಪಾಸ್‌ಪೋರ್ಟ್ ವಿತರಣೆಯನ್ನೇ ನಿಲ್ಲಿಸಿತು, ಕೊನೆಗೆ ತಾತಾರ್ ನುಡಿಯ ಒಂದು ಹೆಚ್ಚುವರಿ ಹಾಳೆ ಸೇರಿಸುವ ಒಪ್ಪಂದವಾದ ಮೇಲೇ ಒಪ್ಪಿದ್ದು. ಎರಡೂ ಕಡೆಯವರ ಮನಸ್ಸು ನನಗೆ ಅರ್ಥವಾಗುತ್ತದೆ. ಆ ಸಾಲು ಒಬ್ಬರನ್ನು ಬಾಗಿಲಲ್ಲೇ ತಡೆದಿತ್ತು. ಇನ್ನೊಬ್ಬರಿಗೆ ತಾವು ಇಲ್ಲಿಯವರೆಂದು, ಬೇರೆ ನುಡಿಯವರೆಂದು ರಾಜ್ಯವೇ ಒಪ್ಪಿ ಬರೆದುಕೊಟ್ಟ ಏಕೈಕ ದಾಖಲೆ ಅದಾಗಿತ್ತು.

ನುಡಿಯ ವಿಷಯದಲ್ಲಿ ಈಗ ನಡೆಯುತ್ತಿರುವುದು ಹೊಸದಲ್ಲ. 1958ರಲ್ಲಿ, ಸ್ಟಾಲಿನ್ ನಂತರದ ನಾಯಕ ಕ್ರುಶ್ಚೇವ್ ತಂದ ಶಿಕ್ಷಣ ಸುಧಾರಣೆಯಲ್ಲಿ ಮಕ್ಕಳ ಕಲಿಕೆಯ ನುಡಿಯನ್ನು ತಂದೆ ತಾಯಿ ಆರಿಸಲಿ ಎಂಬ ಮಾತಿತ್ತು. ಕೇಳಲು ಎಷ್ಟು ನ್ಯಾಯವಾಗಿದೆ! ವಿಶ್ವವಿದ್ಯಾಲಯ, ಸೇನೆ, ದೊಡ್ಡ ಕೆಲಸ ಎಲ್ಲ ರಷ್ಯನ್ನಿನಲ್ಲಿರುವಾಗ ಯಾವ ತಂದೆ ತಾಯಿ ಏನನ್ನು ಆರಿಸುತ್ತಾರೆ? ಲಾಟ್ವಿಯಾ, ಅಜರ್‌ಬೈಜಾನಿನ ನಾಯಕರು ಇದನ್ನು ವಿರೋಧಿಸಿ 1959ರಲ್ಲಿ ಪದವಿ ಕಳೆದುಕೊಂಡರು. ಸಂವಿಧಾನದಿಂದ ಜಾರ್ಜಿಯನ್ ನುಡಿಯ ಅಧಿಕೃತ ಸ್ಥಾನವನ್ನು ತೆಗೆಯಲು ಹೊರಟಾಗ, 1978ರ ಏಪ್ರಿಲ್ 14ರಂದು ಟಿಬಿಲಿಸಿಯ ವಿದ್ಯಾರ್ಥಿಗಳು ಸಾವಿರಗಟ್ಟಲೆ ಬೀದಿಗಿಳಿದು ಆ ಪ್ರಯತ್ನವನ್ನು ನಿಲ್ಲಿಸಿದ್ದೂ ಉಂಟು. ಒಕ್ಕೂಟ ಗಣರಾಜ್ಯದ ದರ್ಜೆ ಅವರ ಬೆನ್ನಿಗಿತ್ತು. ರಷ್ಯಾದೊಳಗಿನ ಸಣ್ಣ ಗಣರಾಜ್ಯಗಳಿಗೆ ಆ ಬಲವಿಲ್ಲ. 2018ರ ಕಾನೂನು ಅಲ್ಲಿನ ಶಾಲೆಗಳಲ್ಲಿ ಸ್ಥಳೀಯ ನುಡಿಯ ಕಲಿಕೆಯನ್ನು ಐಚ್ಛಿಕ ಮಾಡಿತು. ಮರುವರ್ಷ ಸೆಪ್ಟೆಂಬರ್ 10ರಂದು, ಉದ್ಮುರ್ತ್ ವಿದ್ವಾಂಸ ಆಲ್ಬರ್ಟ್ ರಾಜಿನ್ ತಮ್ಮ ನುಡಿಯ ಪರವಾಗಿ ಫಲಕ ಹಿಡಿದು, ಉದ್ಮುರ್ತ್ ಗಣರಾಜ್ಯದ ರಾಜಧಾನಿ ಇಜೆವ್‌ಸ್ಕ್‌ನ ಶಾಸನಸಭೆಯ ಮುಂದೆ ನಿಂತು, ಬೆಂಕಿ ಹಚ್ಚಿಕೊಂಡು ಪ್ರಾಣಬಿಟ್ಟರು. ಅವರಿಗೆ 79 ವರ್ಷ. ಉದ್ಮುರ್ತ್ ಗಣರಾಜ್ಯ ನಕ್ಷೆಯಲ್ಲಿ ಇಂದಿಗೂ ಇದೆ, ಬಾವುಟವೂ ಇದೆ. ಅಲ್ಲಿನ ಮಗು ಶಾಲೆಯಲ್ಲಿ ಉದ್ಮುರ್ತ್ ಕಲಿಯಬೇಕಾದರೆ ತಂದೆ ತಾಯಿ ಅರ್ಜಿ ಬರೆದುಕೊಡಬೇಕು.